ಕಪ್ಪು ಭಾಗ ಮಂಕಾಗಿದೆ ಎಂದು ಈಗಲೇ ವಾರ್ನಿಶ್ ಹೊಡೆಯಬೇಡಿ

ಆಯಿಲ್ ಪೋರ್ಟ್ರೇಟ್ ಮುಗಿಸಿ ಮೂರು ವಾರವಾಗಿದೆ, ಕೂದಲು ಮತ್ತು ಕೋಟು ಮಾತ್ರ ತೇಪೆ ಹಾಕಿದಂತೆ ಮಂಕಾಗಿವೆ, ಗಿರಾಕಿಗೆ ಕೊಡುವ ಮೊದಲು ವಾರ್ನಿಶ್ ಹೊಡೆಯಲೇ ಎಂದು ಕೇಳಿದ್ದೀರಿ. ಬೇಡ. ಬಣ್ಣವೇನೂ ಕೆಟ್ಟಿಲ್ಲ. ಮೇಲಿನ ಪದರದ ಎಣ್ಣೆಯನ್ನು ಕೆಳಗಿನದು ಹೀರಿಕೊಂಡಿದೆ, ಅಷ್ಟೇ. ಬರ್ನ್ಟ್ ಅಂಬರ್ ಎಂಬ ಕಡು ಕಂದು ಬಣ್ಣದಲ್ಲಿ ಇದು ಮಾಮೂಲು; ಬಣ್ಣ ತೆಳುವಾಗಿಸಲು ಟರ್ಪೆಂಟೈನ್ ಜಾಸ್ತಿ ಸುರಿದಿದ್ದರೆ ಕೇಳುವುದೇ ಬೇಡ.

ಮೊದಲು ಒಣ ಹತ್ತಿಯಿಂದ ಒಂದು ಮೂಲೆ ಮೆಲ್ಲಗೆ ಉಜ್ಜಿ. ಬಣ್ಣ ಅಂಟಿದರೆ ಇನ್ನೂ ಕಾಯಿರಿ. ಅಂಟದಿದ್ದರೆ ಲಿನ್ಸೀಡ್ (ಅಗಸೆ) ಎಣ್ಣೆ, ಟರ್ಪೆಂಟೈನ್ ಸಮ ಸಮ ಬೆರೆಸಿ, ಹಳೆ ಪಂಚೆಯ ತುಂಡಿನಿಂದ ಮಂಕಾದ ಜಾಗಕ್ಕೆ ಮಾತ್ರ ತೆಳ್ಳಗೆ ತಿಕ್ಕಿ. ಐದು ನಿಮಿಷ ಬಿಟ್ಟು, ಬೇರೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಬಿಡಿ. ಹೊಳಪು ಬಂತೆಂದು ಎಣ್ಣೆ ಹಾಗೇ ಬಿಟ್ಟರೆ ಧೂಳು ಹಿಡಿದು ಹಳದಿಯಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ.

ಕೊನೆಯ ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯುವುದು ವಾಡಿಕೆ. ಎಣ್ಣೆ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಬೇಗ ಹೊಡೆದ ವಾರ್ನಿಶ್ ಬಣ್ಣದ ಜೊತೆಗೇ ಬೆರೆತು, ಮುಂದೆ ತೆಗೆಯಲು ಹೋದರೆ ಚಿತ್ರವೂ ಕಿತ್ತು ಬರುತ್ತದೆ. ಆರು ತಿಂಗಳ ನಂತರ ವಾರ್ನಿಶ್ ಹಾಕಿಕೊಡುತ್ತೇನೆಂದು ಬಿಲ್ಲಿನಲ್ಲೇ ಬರೆದುಕೊಡಿ, ಗಿರಾಕಿಯೂ ಒಪ್ಪುತ್ತಾರೆ.

ಮುಂದಿನ ಸಲ ಐವರಿ ಬ್ಲ್ಯಾಕ್ ಎಂಬ ಕಪ್ಪು ಬಣ್ಣವನ್ನು ಕೆಳಪದರಕ್ಕೆ ಬಳಸಬೇಡಿ. ಅದು ನಿಧಾನಕ್ಕೆ ಒಣಗುವುದರಿಂದ ಮೇಲಿನ ಬಣ್ಣ ಬಿರುಕು ಬಿಡುತ್ತದೆ.