ಸ್ವಿಫ್ಟ್‌ಗೆ ಕ್ವಿಕ್ ಡ್ರೈನ್ ವಾಲ್ವ್ ಹಾಕಿಸಿದರೆ ಆಯಿಲ್ ಬದಲಾಯಿಸೋದು ಸಲೀಸಾಗುತ್ತಾ?

ಚೇಂಬರ್ ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ. ಕ್ವಿಕ್ ಡ್ರೈನ್ ವಾಲ್ವ್ ಅಂದರೆ ಅದರ ನಟ್ಟಿನ ಜಾಗದಲ್ಲಿ ಕೂರುವ, ಲಿವರ್ ತಿರುಗಿಸಿದರೆ ಆಯಿಲ್ ಇಳಿಯುವ ನಲ್ಲಿ. ಚೇಂಬರ್ ನಟ್ಟಿನ ಥ್ರೆಡ್ ಸವೆದಿದೆ, ಅದಕ್ಕೇ ವಾಲ್ವ್ ಹಾಕಿಸೋಣ ಅಂತಿದ್ದೀರಿ. ಬೇಡ, ವಾಲ್ವ್ ಕೂರೋದೂ ಅದೇ ಥ್ರೆಡ್ಡಿನಲ್ಲೇ. ನನ್ನ ಗಾಡಿಯಲ್ಲಿ ಥ್ರೆಡ್ ಚೆನ್ನಾಗಿಯೇ ಇತ್ತು, ವಾಲ್ವ್ ಕೂರಿಸುವಾಗ ನಾನೇ ಕೆಡಿಸಿದೆ.

ತಪ್ಪು ಇಷ್ಟೇ: ಹಳೇ ವಾಷರ್ ನಟ್ಟಿನ ಜೊತೆ ಬರದೆ ಚೇಂಬರಿಗೇ ಅಂಟಿಕೊಂಡಿತ್ತು. ವರ್ಷಗಟ್ಟಲೆ ಒತ್ತಿ ಚಪ್ಪಟೆಯಾದ ಅಲ್ಯೂಮಿನಿಯಂ ವಾಷರ್, ಮೇಲೆ ಆಯಿಲ್ ಮಸಿ. ಕೆಳಗಿನಿಂದ ನೋಡಿದರೆ ಚೇಂಬರಿನದೇ ಅಂಚು ಅನ್ನಿಸುತ್ತೆ. ಉಗುರಲ್ಲಿ ಕೆರೆದಿದ್ದರೆ ಗೊತ್ತಾಗುತ್ತಿತ್ತು. ಅದರ ಮೇಲೇ ವಾಲ್ವಿನ ಫೈಬರ್ ವಾಷರ್ ಇಟ್ಟು ಬಿಗಿದೆ. ಹಳೆಯದರ ಮೇಲೆ ಹಿಂದಿನ ನಟ್ಟು ಒತ್ತಿದ ಗುಂಡನೆ ಗೆರೆ ಇರುತ್ತೆ, ಹೊಸದು ಸಮನಾಗಿ ಕೂರಲ್ಲ, ಆಯಿಲ್ ಜಿನುಗುತ್ತೆ. ಜಿನುಗಿದರೆ ಕೈ ತಾನಾಗಿ ಪಾನಾಗೆ ಹೋಗುತ್ತೆ. ಕಾಲು ಸುತ್ತು, ಮತ್ತೆ ಕಾಲು ಸುತ್ತು. ಮೂರನೇ ಸಲ ಪಾನಾ ಹಗುರಾಗಿ ಜಾರಿತು. ವಾಲ್ವ್ ಹಿತ್ತಾಳೆ, ಚೇಂಬರ್ ಅಲ್ಯೂಮಿನಿಯಂ. ಮೊದಲು ಕಿತ್ತು ಬರೋದು ಚೇಂಬರಿನ ಥ್ರೆಡ್ಡೇ. ಜಿನುಗಿದರೆ ಬಿಗಿಯಬಾರದು, ಬಿಚ್ಚಿ ವಾಷರ್ ನೋಡಬೇಕು.

ಸವೆದ ಥ್ರೆಡ್ಡಿಗೆ ಮದ್ದು ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ಡಾಗಿ ಕೂರುವ ತಂತಿ ಸುರುಳಿ), ಇಲ್ಲವೇ ಹೊಸ ಚೇಂಬರ್. ಹೆಲಿಕಾಯಿಲ್ ಹಾಕಿಸಿದರೆ ಥ್ರೆಡ್ ಕೊರೆಯುವ ಟ್ಯಾಪಿಗೆ ಗ್ರೀಸ್ ಮೆತ್ತಿ ನಿಧಾನ ಥ್ರೆಡ್ ಹೊಡೆಯಲಿ, ಲೋಹದ ಚೂರುಗಳು ಗ್ರೀಸಿಗೆ ಅಂಟುತ್ತವೆ. ಆಮೇಲೆ ಅರ್ಧ ಲೀಟರ್ ಅಗ್ಗದ ಆಯಿಲ್ ಮೇಲಿಂದ ಸುರಿದು ಹೊರಗೆ ಬಿಡಿ.

ಇದಾದ ಮೇಲೂ ವಾಲ್ವ್ ಬೇಕೇ ಬೇಕು ಅಂದರೆ ಮೊದಲು ಎತ್ತರ ನೋಡಿ. ಈಚಿನ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಅದೂ ಗಾಡಿ ಖಾಲಿ ಇದ್ದಾಗ. ವಾಲ್ವ್ ಹಳೇ ನಟ್ಟಿಗಿಂತ ಉದ್ದ. ಕ್ರಾಸ್ ಮೆಂಬರಿನ (ಎಂಜಿನ್ ಅಡಿಯ ಅಡ್ಡ ತೊಲೆ) ತಳಕ್ಕೆ ನೇರ ಪಟ್ಟಿ ಹಿಡಿದು ಅಳೆಯಿರಿ. ವಾಲ್ವ್ ಆ ಗೆರೆಗಿಂತ ಕೆಳಗೆ ಇಳಿಯುವುದಾದರೆ ಹಾಕಲೇಬೇಡಿ. ನಮ್ಮೂರ ಹಂಪ್ಸ್‌ಗಳಿಗೆ ಅಳತೆಯ ಹಂಗಿಲ್ಲ.

ಥ್ರೆಡ್ ಅಳತೆ ಮಾರುತಿಯ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಎಂ14×1.5, ಅಂದರೆ 14 ಮಿ.ಮೀ. ದಪ್ಪ, ಥ್ರೆಡ್ ಗೆರೆಗಳ ಅಂತರ 1.5 ಮಿ.ಮೀ. ಅಂಗಡಿಯವರ ಮಾತಿಗಿಂತ ಹಳೇ ನಟ್ಟಿಗೆ ಪಿಚ್ ಗೇಜ್ (ಆ ಅಂತರ ಅಳೆಯುವ ಹಲ್ಲಿನ ಪಟ್ಟಿ) ಹಿಡಿಯೋದು ವಾಸಿ. ವಾಲ್ವ್ ಬೆರಳಲ್ಲೇ ನಾಲ್ಕೈದು ಸುತ್ತು ಸರಾಗವಾಗಿ ಹೋಗಬೇಕು. ಎರಡೇ ಸುತ್ತಿಗೆ ಕಚ್ಚಿಕೊಂಡರೆ ಅಳತೆ ತಪ್ಪಿದೆ ಇಲ್ಲವೇ ಓರೆ ಹತ್ತಿದೆ, ಬಿಚ್ಚಿ. ಲಿವರ್ ಹಿಂದಕ್ಕೆ ಮುಖ ಮಾಡಿರಲಿ. ಮುಂದೆ ಇದ್ದರೆ ಕಲ್ಲು ಬಡಿಯುತ್ತೆ. ಫುಮೊಟೊ ಕಂಪನಿಯ ತರಹದ ವಾಲ್ವ್‌ಗಳಲ್ಲಿ ಲಿವರ್ ಎತ್ತಿ ಕಾಲು ಸುತ್ತು ತಿರುಗಿಸಿದರೆ ಮಾತ್ರ ತೆರೆಯೋದು, ಆದರೂ ಲಿವರ್ ಕ್ಲಿಪ್ ಹಾಕಿ. ಕೂರಿಸಿದ ಮೇಲೆ ಆಯಿಲ್ ತುಂಬಿ, ಒರೆಸಿ, ಕೆಳಗೆ ಪೇಪರ್ ಹಾಸಿ, ಐದು ನಿಮಿಷ ಎಂಜಿನ್ ಓಡಿಸಿ ನೋಡಿ.

ವಾಲ್ವಿನ ತೂತು ಸಣ್ಣದು, ಹಾಗಾಗಿ ಆಯಿಲ್ ಬಿಸಿ ಇದ್ದಾಗಲೇ ಇಳಿಸಬೇಕು. ವಾಲ್ವಿನ ಥ್ರೆಡ್ ಒಳಗೆ ಚಾಚಿದ್ದರೆ ಅಷ್ಟು ಎತ್ತರದ ಆಯಿಲ್ ತಳದ ಕೊಳೆ ಸಮೇತ ಒಳಗೇ ಉಳಿಯುತ್ತೆ. ಎರಡು ಮೂರು ಸಲಕ್ಕೊಮ್ಮೆ ವಾಲ್ವನ್ನೇ ಪೂರ್ತಿ ಬಿಚ್ಚಿ ಇಳಿಸಬೇಕು.

ನಿಜ ಹೇಳಬೇಕೆಂದರೆ ಕಾರಿನಲ್ಲಿ ಇದರಿಂದ ಉಳಿಯೋದು ಎರಡು ನಿಮಿಷ. ಫಿಲ್ಟರ್ ಬಿಚ್ಚೋಕೆ ಹೇಗೂ ಗಾಡಿಯ ಕೆಳಗೆ ನುಗ್ಗಲೇಬೇಕು. ಒಂದೇ ಕಡೆ ಕೂತು ಓಡುವ ಡೀಸೆಲ್ ಜನರೇಟರ್ ಇದ್ದರೆ ಮಾತು ಬೇರೆ: ಅದಕ್ಕೆ ಹಂಪ್ಸ್ ಇಲ್ಲ, ಗಂಟೆ ಲೆಕ್ಕದಲ್ಲಿ ಪದೇ ಪದೇ ಆಯಿಲ್ ಬದಲಾಗುತ್ತೆ. ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಇರುವ ವಾಲ್ವ್ ತಂದು ಪೈಪ್ ಸಿಕ್ಕಿಸಿದರೆ ನೇರ ಕ್ಯಾನಿಗೇ ಇಳಿಯುತ್ತೆ.