ಆಪ್ತಸಲಹೆ ಪ್ರಕರಣ: ಗುರುವಾರ ಲ್ಯಾಬಿಗೆ ಬಾರದ ಹುಡುಗಿ

ನಾನು ಕೌನ್ಸೆಲರ್ ಆಗಿರುವುದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ. ಸುತ್ತಮುತ್ತ ದ್ರಾಕ್ಷಿ, ಬಾದಾಮಿ ತೋಟಗಳು. ಓದಲು ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ಮೂಲದ ಕುಟುಂಬದವರು. ಹೆಚ್ಚಿನವರ ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದು ತೋಟ, ಪ್ಯಾಕಿಂಗ್ ಶೆಡ್‌ಗಳಲ್ಲಿ ದುಡಿಯುವವರು. ಈ ಪ್ರಕರಣದ ಹುಡುಗಿಯನ್ನು ಎಂ. ಅಂತ ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಎಂ.ಗೆ 19 ವರ್ಷ. ಮನೆಗೆ ದೊಡ್ಡ ಮಗಳು, ಇಬ್ಬರು ತಮ್ಮಂದಿರು. ನರ್ಸಿಂಗ್ ಮಾಡುವ ಆಸೆ. ಮೊದಲ ಸೆಮಿಸ್ಟರ್‌ನಲ್ಲಿ 15 ಯೂನಿಟ್ (ಕೋರ್ಸುಗಳನ್ನು ಅಳೆಯುವ ಲೆಕ್ಕ) ತೆಗೆದುಕೊಂಡಿದ್ದಳು. ಇಂಗ್ಲಿಷ್, ಎಥ್ನಿಕ್ ಸ್ಟಡೀಸ್ ಎರಡರಲ್ಲೂ ಬಿ ಬಂದಿತ್ತು. ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್ ಎರಡರಲ್ಲೂ ಎಫ್. ನಾಲ್ಕಕ್ಕೆ ಲೆಕ್ಕ ಹಾಕುವ ಸರಾಸರಿ 1.4ಕ್ಕೆ ಇಳಿದು ಕಾಲೇಜಿನ ಎಚ್ಚರಿಕೆ ಪತ್ರ ಬಂತು. ಫೈಲಿನಲ್ಲಿ ಉಪನ್ಯಾಸಕರೊಬ್ಬರ ಷರಾ ಹೀಗಿತ್ತು: 'ಆಸಕ್ತಿ ಇಲ್ಲ. ಗುರುವಾರ ಲ್ಯಾಬಿಗೆ ಬರುವುದಿಲ್ಲ.'

ಆಸಕ್ತಿ ಇಲ್ಲದವಳಿಗೆ ಎರಡು ಬಿ ಎಲ್ಲಿಂದ ಬರುತ್ತೆ? ಓದುವುದು ಹೇಗೆ, ಟೈಮ್ ಉಳಿಸುವುದು ಹೇಗೆ ಅಂತೆಲ್ಲ ಶುರು ಮಾಡದೆ ಒಂದೇ ಪ್ರಶ್ನೆ ಕೇಳಿದೆ. "ಗುರುವಾರ ಏನಿರುತ್ತೆ?"

"ಅಪ್ಪನ ಫಿಸಿಯೋಥೆರಪಿ, ಮಿಸ್."

ಸೆಪ್ಟೆಂಬರಿನಲ್ಲಿ ತೋಟದ ಕೆಲಸದಲ್ಲಿ ಅಪ್ಪನ ಬೆನ್ನಿಗೆ ಪೆಟ್ಟು ಬಿದ್ದಿತ್ತು. ವಾರಕ್ಕೊಮ್ಮೆ ಫ್ರೆಸ್ನೋ ನಗರಕ್ಕೆ ಹೋಗಬೇಕು. ಅಮ್ಮನಿಗೆ ಶೆಡ್‌ನಲ್ಲಿ ಸೀಸನ್ ಹೊತ್ತು, ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಕಾರು ಓಡಿಸುವವಳು ಎಂ. ಡಾಕ್ಟರ್ ಹೇಳಿದ್ದನ್ನು ಅಪ್ಪನಿಗೆ ಸ್ಪ್ಯಾನಿಷ್‌ನಲ್ಲಿ ಹೇಳುವವಳೂ ಅವಳೇ. ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಮುಗಿಯುತ್ತಿತ್ತು. ಮೂರು ಲ್ಯಾಬ್ ತಪ್ಪಿದ ಮೇಲೆ ಕೆಮಿಸ್ಟ್ರಿಗೆ ಹೋಗುವುದನ್ನೇ ಬಿಟ್ಟಳು. ಸ್ಟಾಟಿಸ್ಟಿಕ್ಸ್ ಕ್ಲಾಸೂ ಅದೇ ಗುರುವಾರ ಸಂಜೆ, ಅದೂ ಹೋಯಿತು. ಬಿಟ್ಟ ಕೋರ್ಸಿನಿಂದ ಹೆಸರು ತೆಗೆಸಬೇಕು, ಅದಕ್ಕೊಂದು ಕೊನೆ ದಿನ ಇರುತ್ತೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕಾಲೇಜು ಇಮೇಲ್ ಕಳಿಸಿತ್ತು. ಅವಳ ಆ ಇನ್‌ಬಾಕ್ಸಿನಲ್ಲಿ ಕ್ರೀಡಾಕೂಟ, ಪಾರ್ಕಿಂಗ್ ದಂಡ ಅಂತ ತೆರೆಯದ ನೂರಾರು ಪತ್ರಗಳಿದ್ದವು, ಇದೂ ಅದರಲ್ಲಿ ಹೂತಿತ್ತು.

ನಮ್ಮ ಕಡೆಯೂ ದೊಡ್ಡ ಮಗಳು ಅಂದ್ರೆ ಮನೆಗೆ ಅರ್ಧ ಅಮ್ಮ, ಅಲ್ವಾ? ಹಾಗಾಗಿ ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ಆದರೆ ಇಲ್ಲಿನ ಎಷ್ಟೋ ಸಹೋದ್ಯೋಗಿಗಳು ಇಂಥ ಮಕ್ಕಳಿಗೆ ಕೊಡುವ ಸಲಹೆ ಒಂದೇ: ಮನೆಗೆ 'ಇಲ್ಲ' ಅನ್ನುವುದನ್ನು ಕಲಿ. ನನಗೆ ಇದು ಸರಿ ಕಾಣುವುದಿಲ್ಲ. ಮನೆಯೋ ಕಾಲೇಜೋ ಅಂತ ಬಂದರೆ ಈ ಮಕ್ಕಳು ಮನೆಯನ್ನೇ ಹಿಡಿಯುತ್ತಾರೆ. ಹಿಡಿಯಲಿ ಬಿಡಿ. ಆ ಆಯ್ಕೆಯೇ ಬಾರದ ಹಾಗೆ ನೋಡಿಕೊಳ್ಳಬೇಕಾದ್ದು ಕಾಲೇಜು.

ಮೊದಲು ಕಾಗದದ ಕೆಲಸ ಹಿಡಿದೆವು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ 'ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾಯಲ್' (ತಕ್ಕ ಕಾರಣಕ್ಕೆ ಕೋರ್ಸು ಬಿಡುವುದು, ಚಿಕ್ಕದಾಗಿ ಇಡಬ್ಲ್ಯೂ) ಅಂತ ಒಂದು ದಾರಿ ಇದೆ. ಮನೆಯವರ ಕಾಯಿಲೆಗೆ ನೀವೇ ಆಸರೆಯಾಗಿದ್ದಿರಿ ಅನ್ನುವುದಕ್ಕೆ ದಾಖಲೆ ಕೊಟ್ಟರೆ, ಸೆಮಿಸ್ಟರ್ ಮುಗಿದ ಮೇಲೂ ಅರ್ಜಿ ಹಾಕಬಹುದು. ಒಪ್ಪಿದರೆ ಎಫ್ ಅಳಿದು ಇಡಬ್ಲ್ಯೂ ಬರುತ್ತೆ. ಕ್ಲಿನಿಕ್‌ನಿಂದ ದಿನಾಂಕಗಳಿರುವ ಪತ್ರ ತರಲು ಹೇಳಿದೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟೆ. ಇಡಬ್ಲ್ಯೂ ಕಾಲೇಜಿನ ಲೆಕ್ಕಕ್ಕೆ ಮಾತ್ರ ಮಾಫಿ. ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟಿನ ಲೆಕ್ಕದಲ್ಲಿ ಅದು ತೆಗೆದುಕೊಂಡು ಮುಗಿಸದ ಯೂನಿಟ್ಟೇ. ಆ ಹಣ ಬರುತ್ತಿರಬೇಕಾದರೆ ಸಾಮಾನ್ಯವಾಗಿ ಸರಾಸರಿ 2.0 ಇರಬೇಕು, ತೆಗೆದುಕೊಂಡ ಯೂನಿಟ್‌ಗಳಲ್ಲಿ ನೂರಕ್ಕೆ 67 ಮುಗಿಸಿರಬೇಕು. ಎಂ. 15ರಲ್ಲಿ 7 ಮುಗಿಸಿದ್ದಳು. ಸದ್ಯಕ್ಕೆ ಎಚ್ಚರಿಕೆಯ ಮೇಲೆ ಒಂದು ಸೆಮಿಸ್ಟರ್ ದುಡ್ಡು ಬರುತ್ತೆ, ಆಮೇಲೂ ಲೆಕ್ಕ ಸರಿಹೋಗದಿದ್ದರೆ ನಿಲ್ಲುತ್ತೆ.

ಅವಳೆದುರೇ ಲೆಕ್ಕ ಹಾಕಿದೆ. ಈ ಸಲ 12 ತೆಗೆದುಕೊಂಡು 12ನ್ನೂ ಪಾಸು ಮಾಡಿದರೆ ಒಟ್ಟು 27ರಲ್ಲಿ 19, ಅಂದರೆ ನೂರಕ್ಕೆ 70. ಒಂದೇ ಸೆಮಿಸ್ಟರ್ ಸಾಕು. ಅವಳು ಕಾಗದ ತನ್ನ ಕಡೆ ಎಳೆದುಕೊಂಡು ಭಾಗಾಕಾರವನ್ನು ತಾನೇ ಇನ್ನೊಮ್ಮೆ ಮಾಡಿ ನೋಡಿದಳು. ಕೋಪದಿಂದ ಕೇಳಿದಳು, "ಆ ಎಚ್ಚರಿಕೆ ಪತ್ರದಲ್ಲಿ ಇದನ್ನೇ ಬರೆಯಬಹುದಿತ್ತಲ್ಲ, ಮಿಸ್?" ನಿಜ. ಪತ್ರದಲ್ಲಿ ಮೂರು ಪ್ಯಾರಾ ನಿಯಮವೇ ಇತ್ತು. ಏನು ಮಾಡಬೇಕು ಅನ್ನುವುದು ಕೊನೇ ಸಾಲಿನಲ್ಲಿ.

ಹನ್ನೆರಡಕ್ಕಿಂತ ಕಡಿಮೆ ಬೇಡ ಅಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕಷ್ಟದ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯ ನಡೆಸುವ ಇಒಪಿಎಸ್ ಯೋಜನೆಗೆ ಸೇರಲು ಸಾಮಾನ್ಯವಾಗಿ ಅಷ್ಟು ಯೂನಿಟ್ ಬೇಕು. ಸೇರಿದರೆ ಪುಸ್ತಕಕ್ಕೆ ನೆರವು ಸಿಗುತ್ತೆ, ಒಬ್ಬ ಕೌನ್ಸೆಲರ್ ಕಾಯಂ ಆಗಿ ಸಿಗುತ್ತಾರೆ. ಕೆಮಿಸ್ಟ್ರಿಯನ್ನು ಮುಂದಕ್ಕೆ ಹಾಕಿದೆವು. ಸ್ಟಾಟಿಸ್ಟಿಕ್ಸ್ ಮತ್ತೆ ತೆಗೆದುಕೊಂಡಳು, ಆದರೆ ಬೆಳಗಿನ ಬ್ಯಾಚ್. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿ ಬೆಳೆದವರಿಗಂತಲೇ ಇರುವ ಸ್ಪ್ಯಾನಿಷ್ ಕೋರ್ಸನ್ನೂ ಸೇರಿಸಿದೆವು. ಕ್ಲಿನಿಕ್‌ನಲ್ಲಿ ಅವಳನ್ನು ಸುಸ್ತು ಮಾಡಿದ ಭಾಷೆ ಇಲ್ಲಿ ಅಂಕ ತರುತ್ತೆ.

ಆಮೇಲೆ ಅಮ್ಮನನ್ನು ಕರೆಸಿದೆ, ಎಂ. ಒಪ್ಪಿದ ಮೇಲೆಯೇ. ಮಗು ಕಾಲೇಜಿಗೆ ಬಂದ ಮೇಲೆ ಅದರ ಅಂಕ, ಫೈಲು ಅಪ್ಪ ಅಮ್ಮನಿಗೂ ಸುಮ್ನೆ ತೋರಿಸುವ ಹಾಗಿಲ್ಲ, ಇಲ್ಲಿನ ಕಾನೂನು ಹಾಗಿದೆ. ಅದನ್ನೇ ನೆಪ ಮಾಡಿಕೊಂಡು ಮನೆಯವರನ್ನು ಗೇಟಿನಾಚೆ ನಿಲ್ಲಿಸುವ ಕಾಲೇಜುಗಳೇ ಹೆಚ್ಚು.

ಅಮ್ಮ ಸಂಜೆ ಆರರ ಮೇಲೆ, ಶೆಡ್‌ನಿಂದ ನೇರವಾಗಿ ಬಂದರು. ತಲೆಗೆ ಕಟ್ಟುವ ಬಲೆ ಇನ್ನೂ ಹಣೆಯ ಮೇಲೆ ಗುರುತು ಬಿಟ್ಟಿತ್ತು. ಚಿಕ್ಕ ಮಗನೂ ಜೊತೆಗಿದ್ದ. ನನ್ನ ಸ್ಪ್ಯಾನಿಷ್ ಕೆಲಸಕ್ಕೆ ಸಾಲುವಷ್ಟು ಮಾತ್ರ. ಆದರೂ ಮಗಳನ್ನು ದುಭಾಷಿ ಮಾಡಲಿಲ್ಲ, ಆಫೀಸಿನಲ್ಲಿ ಸ್ಪ್ಯಾನಿಷ್ ಬಲ್ಲವರೊಬ್ಬರನ್ನು ಕೂರಿಸಿಕೊಂಡೆ.

"ಓದಬೇಡ ಅಂತ ನಾನು ಒಂದು ದಿನವೂ ಹೇಳಿಲ್ಲ, ಮೇಡಂ" ಅಂದರು. "ವಾರಕ್ಕೆ 12 ಗಂಟೆ ಕ್ಲಾಸು ಅಂದಳು. ಉಳಿದ ಹೊತ್ತು ಬಿಡುವು ಅಂದುಕೊಂಡೆ."

ಒಂದು ಯೂನಿಟ್ ಅಂದರೆ ಕ್ಲಾಸು, ಓದು ಎಲ್ಲ ಸೇರಿ ವಾರಕ್ಕೆ ಸುಮಾರು ಮೂರು ಗಂಟೆ. ಹನ್ನೆರಡಕ್ಕೆ 36 ಗಂಟೆ. ಇದನ್ನು ಹೇಳಿದಾಗ ಅವರು ಮಗಳ ಕಡೆ ತಿರುಗಿದರು. "ನಿನ್ನದೂ ಫುಲ್ ಟೈಮ್ ಕೆಲಸವೇ ಅಂತ ಯಾಕೆ ಹೇಳಲಿಲ್ಲ?"

"ನಿನಗೆ ಇನ್ನೂ ಚಿಂತೆ ಜಾಸ್ತಿ ಆಗುತ್ತೆ ಅಂತ, ಅಮ್ಮ."

ಕ್ಲಿನಿಕ್ ವಿಷಯಕ್ಕೂ ದಾರಿಯಿತ್ತು. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್‌ಗಳು ಇಂಗ್ಲಿಷ್ ಬಾರದ ರೋಗಿಗೆ ದುಭಾಷಿಯನ್ನು ಪುಕ್ಕಟೆಯಾಗಿ ಕೊಡಲೇಬೇಕು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ ಅಂದೆ. ಫೋನಿನಲ್ಲಿ ಮಾತಾಡುವ ಅಪರಿಚಿತರ ಮೇಲೆ ಅಮ್ಮನಿಗೆ ನಂಬಿಕೆ ಇರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಫಿಸಿಯೋಥೆರಪಿಗೆ ಚಿಕ್ಕಪ್ಪನ ಮಗ ಕಾರು ಓಡಿಸುವುದು, ಅಲ್ಲಿ ದುಭಾಷಿಯನ್ನು ಕೇಳುವುದು. ಸರ್ಜನ್ ಹತ್ತಿರ ಹೋಗುವ ದಿನ ಮಾತ್ರ ಎಂ.

ಕಷ್ಟದ ಮಾತು ಬಂದದ್ದು ಫಾಫ್ಸಾದಲ್ಲಿ, ಅಂದರೆ ಕೇಂದ್ರ ಸರ್ಕಾರದ ನೆರವಿಗೆ ವಿದ್ಯಾರ್ಥಿಗಳು ಪ್ರತಿ ವರ್ಷ ಹಾಕುವ ಅರ್ಜಿಯಲ್ಲಿ. ಎಂ. ಹುಟ್ಟಿದ್ದು ಇಲ್ಲೇ, ಅಮೆರಿಕದ ಪ್ರಜೆ. ಅಪ್ಪನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ (ಪ್ರಜೆಗಳಿಗೂ ಕೆಲಸದ ಪರವಾನಗಿ ಇರುವವರಿಗೂ ಸರ್ಕಾರ ಕೊಡುವ ಸಂಖ್ಯೆ) ಇಲ್ಲ. ಹೊಸ ಫಾಫ್ಸಾ 2023ರ ಡಿಸೆಂಬರ್ ಕೊನೆಗೆ ಶುರುವಾದಾಗ ಇಂಥ ಅಪ್ಪ ಅಮ್ಮಂದಿರಿಗೆ ತಿಂಗಳುಗಟ್ಟಲೆ ಫಾರಂ ತುಂಬಲೇ ಆಗಿರಲಿಲ್ಲ. ಈಗಿನ ಭಯ ಬೇರೆ, ಹೆಸರು ಕೊಟ್ಟರೆ ಅದು ಯಾರ ಕೈ ಸೇರುತ್ತೋ ಅಂತ. 'ಏನೂ ಆಗಲ್ಲ' ಅಂತ ನಾನು ಹೇಳಲಿಲ್ಲ. ಆ ಭರವಸೆ ಕೊಡುವ ಹಕ್ಕು ಯಾವ ಕೌನ್ಸೆಲರ್‌ಗೂ ಇಲ್ಲ. ಎರಡು ದಾರಿಯನ್ನೂ ಮುಂದಿಟ್ಟೆ. ಫಾಫ್ಸಾ ಹಾಕಿದರೆ ವರ್ಷಕ್ಕೆ 7,395 ಡಾಲರ್‌ವರೆಗೆ ಪೆಲ್ ಗ್ರಾಂಟ್ ಸಿಗಬಹುದು. ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್ ಅರ್ಜಿ ಹಾಕಿದರೆ ಮಾಹಿತಿ ರಾಜ್ಯದಲ್ಲೇ ಉಳಿಯುತ್ತೆ, ಆದರೆ ರಾಜ್ಯದ ನೆರವು ಮಾತ್ರ. ವಲಸೆ ಕಾನೂನಿನ ವಕೀಲರನ್ನು ಕೇಳಿ, ಮನೆಯಲ್ಲಿ ಕೂತು ತೀರ್ಮಾನ ಮಾಡಿ ಅಂದೆ. ಅವರು ಏನು ಆರಿಸಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಕಾಲೇಜಿಗೂ ಒಂದು ಟಿಪ್ಪಣಿ ಬರೆದೆ. ನಮ್ಮದು 'ಹಿಸ್ಪಾನಿಕ್ ಸೇವಾ ಸಂಸ್ಥೆ' ಅಂತ ಬೋರ್ಡು ಹಾಕಿಕೊಂಡ ಕಾಲೇಜು. ಆ ಹೆಸರಿಗೆ ಮುಖ್ಯವಾಗಿ ಬೇಕಾದ್ದು ಪೂರ್ಣಾವಧಿ ಲೆಕ್ಕದಲ್ಲಿ ನೂರಕ್ಕೆ 25 ಹಿಸ್ಪಾನಿಕ್ ವಿದ್ಯಾರ್ಥಿಗಳು. ಸೇರಿಸಿಕೊಂಡರೆ ಹೆಸರು ಬರುತ್ತೆ, ಸೇವೆ ಆಮೇಲಿನ ಮಾತು. ಹೊಸದೇನೂ ಕಂಡುಹಿಡಿಯಬೇಕಿಲ್ಲ. 1981ರಲ್ಲಿ ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ ಶುರುವಾದ ಪುವೆಂಟೆ ಯೋಜನೆಯಲ್ಲಿ ಇಂಗ್ಲಿಷ್ ಮೇಷ್ಟ್ರು, ಕೌನ್ಸೆಲರ್, ಊರಿನ ಒಬ್ಬ ಹಿರಿಯರು ಸೇರಿ ಒಂದೇ ಗುಂಪನ್ನು ನೋಡಿಕೊಳ್ಳುತ್ತಾರೆ. ನ್ಯೂಯಾರ್ಕ್ ನಗರದ ಸರ್ಕಾರಿ ಕಾಲೇಜುಗಳು 2007ರಲ್ಲಿ ಶುರು ಮಾಡಿದ ಅಸಾಪ್ ಯೋಜನೆ ಬಸ್ಸು, ಸಬ್‌ವೇ ಪಾಸು ಕೊಟ್ಟಿತು, ಪುಸ್ತಕದ ಖರ್ಚು ನೋಡಿಕೊಂಡಿತು, ಸಲಹೆಗಾರರನ್ನು ಆಗಾಗ ಕಾಣಲೇಬೇಕು ಅಂದಿತು. ಚೀಟಿ ಎತ್ತಿದ ಹಾಗೆ ಆರಿಸಿ ಹೋಲಿಸಿ ನೋಡಿದಾಗ ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಯೋಜನೆ ಸಿಗದವರಲ್ಲಿ ನೂರಕ್ಕೆ 22, ಸಿಕ್ಕವರಲ್ಲಿ 40.

ನಾನು ಕೇಳಿದ್ದು ಅಷ್ಟು ದೊಡ್ಡದಲ್ಲ. ಎರಡು ಲ್ಯಾಬ್ ತಪ್ಪಿದರೆ ಇಮೇಲ್ ಬದಲು ಯಾರಾದರೂ ಫೋನ್ ಮಾಡಲಿ. ಪತ್ರದಲ್ಲಿ ಮಾಡಬೇಕಾದ್ದು ಮೊದಲ ಸಾಲಿನಲ್ಲಿರಲಿ, ಸ್ಪ್ಯಾನಿಷ್‌ನಲ್ಲೂ ಇರಲಿ. ಹೊಸಬರ ಸ್ವಾಗತಕ್ಕೆ ಮನೆಯವರನ್ನು ಸಂಜೆ ಹೊತ್ತು ಕರೆಯೋಣ, ಊಟ ಹಾಕೋಣ, ಚಿಕ್ಕ ಮಕ್ಕಳಿಗೆ ಒಂದು ಕೋಣೆ ಬಿಡೋಣ. ಹಣದ ನೆರವಿನ ಕೌಂಟರ್ ಶನಿವಾರ ಅರ್ಧ ದಿನ ತೆರೆದಿರಲಿ. ಐದಕ್ಕೆ ಮುಚ್ಚುವ ಕೌಂಟರ್ ಶೆಡ್‌ನವರಿಗೆ ಇದ್ದೂ ಇಲ್ಲದ ಹಾಗೆ.

ಇಡಬ್ಲ್ಯೂ ಅರ್ಜಿ ಒಪ್ಪಿಗೆಯಾಯಿತು. ಎಂ. 12ಕ್ಕೆ 12 ಮುಗಿಸಿದಳು, ಸ್ಟಾಟಿಸ್ಟಿಕ್ಸ್‌ನಲ್ಲಿ ಸಿ. ಕೆಮಿಸ್ಟ್ರಿಗೆ ಮಂಗಳವಾರದ ಲ್ಯಾಬ್ ಸಿಕ್ಕಿದೆ. ಎಚ್ಚರಿಕೆ ಪತ್ರವನ್ನು ಕಾಲೇಜು ಬದಲಿಸಿತು. ಶನಿವಾರದ ಕೌಂಟರ್‌ಗೆ ಸಿಬ್ಬಂದಿ ಇಲ್ಲ ಅಂತ ಉತ್ತರ ಬಂತು, ಮುಂದಿನ ಬಜೆಟ್ ಸಭೆಗೆ ಮತ್ತೆ ಹಾಕಿದ್ದೇನೆ.