ಅಗ್ಗದ ಧಾನ್ಯ ಬಂದಾಗ ಡೆನ್ಮಾರ್ಕ್ ಏನು ಮಾಡಿತು?

ಹೊರದೇಶದ ಅಗ್ಗದ ಮಾಲು ಬಂದಾಗ ಒಂದು ದೇಶ ಹೇಗೆ ಹೊಂದಿಕೊಳ್ಳುತ್ತದೆ, ಆಮದು ಸುಂಕ ಏರಿಸಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಡೆನ್ಮಾರ್ಕ್.

1870ರ ದಶಕದಲ್ಲಿ ರೈಲು, ಹಬೆ ಹಡಗುಗಳ ಸಾಗಣೆ ಅಗ್ಗವಾಯಿತು. ಅಮೆರಿಕ, ರಷ್ಯಾಗಳ ಧಾನ್ಯ ಯುರೋಪಿನ ಮಾರುಕಟ್ಟೆಗೆ ಬಂದು ಸುರಿಯಿತು. ಅಲ್ಲಿನ ರೈತರಿಗೆ ಸಿಗುವ ಬೆಲೆ ಕುಸಿಯಿತು. ಜರ್ಮನಿ 1879ರಲ್ಲಿ ಧಾನ್ಯಕ್ಕೆ ಸುಂಕ ಹಾಕಿತು. ಫ್ರಾನ್ಸ್ ಕೂಡ ಅದೇ ದಾರಿ ಹಿಡಿಯಿತು. ಡೆನ್ಮಾರ್ಕ್ ಹಾಕಲಿಲ್ಲ. ಅಲ್ಲಿಯ ರೈತರು ಅದೇ ಅಗ್ಗದ ಧಾನ್ಯವನ್ನು ಕೊಂಡು ಹಸು, ಹಂದಿಗಳಿಗೆ ಮೇವಾಗಿ ಹಾಕಿದರು. ಬೆಣ್ಣೆ, ಬೇಕನ್ (ಉಪ್ಪು ಹಾಕಿ ಕೆಡದಂತೆ ಮಾಡಿದ ಹಂದಿಮಾಂಸ) ಮಾಡಿ ಬ್ರಿಟನ್‌ಗೆ ಮಾರಿದರು. ಅವರನ್ನು ಮುಳುಗಿಸಬೇಕಿದ್ದ ಸರಕೇ ಅವರ ಕಚ್ಚಾಮಾಲಾಯಿತು.

ಇದು ಸುಮ್ನೆ ಬೆಲೆ ನೋಡಿ ತಾನಾಗಿ ಆದದ್ದಲ್ಲ. ಹಾಲಿನಿಂದ ಕೆನೆ ತೆಗೆಯುವ ಯಂತ್ರ ಆಗಷ್ಟೇ ಬಂದಿತ್ತು. ಒಬ್ಬ ಸಣ್ಣ ರೈತ ಅದನ್ನು ಕೊಳ್ಳುವುದು ಆಗದ ಮಾತು. 1882ರಲ್ಲಿ ಒಂದು ಹಳ್ಳಿಯ ರೈತರು ಒಟ್ಟು ಸೇರಿ ಸಹಕಾರಿ ಡೇರಿ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅಂಥ ಡೇರಿಗಳು ನೂರಾರಾದವು. ಡೇರಿಯ ತೀರ್ಮಾನಗಳಲ್ಲಿ, ಎಷ್ಟು ಹಸು ಇದ್ದರೂ ಒಬ್ಬರಿಗೆ ಒಂದೇ ವೋಟು. 1887ರಲ್ಲಿ ಜರ್ಮನಿ ಡೆನ್ಮಾರ್ಕ್‌ನಿಂದ ಜೀವಂತ ಹಂದಿಗಳ ಆಮದು ನಿಲ್ಲಿಸಿತು. ಅದೇ ವರ್ಷ ಡೆನ್ಮಾರ್ಕ್‌ನ ಹಾರ್ಸೆನ್ಸ್ ಊರಿನಲ್ಲಿ ಸಹಕಾರಿ ಬೇಕನ್ ಕಾರ್ಖಾನೆ ಶುರುವಾಯಿತು. ಇನ್ನೊಂದು ಮಾತು: ಹಳ್ಳಿಯ ಯುವಕರಿಗಾಗಿ ಜನಪದ ಪ್ರೌಢಶಾಲೆಗಳು ಅಲ್ಲಿ 1844ರಿಂದಲೇ ಇದ್ದವು. ಲೆಕ್ಕಪತ್ರ ಓದಬಲ್ಲ, ಹೊಸದನ್ನು ಕಲಿಯಲು ಅಂಜದ ರೈತರು ಇದ್ದರು. ನನಗೆ ಈ ಕಥೆಯಲ್ಲಿ ಯಂತ್ರಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಎಲ್ಲ ಕಡೆ ಹೀಗಾಗುವುದಿಲ್ಲ. 2000ರಿಂದ 2010ರ ನಡುವೆ ಅಮೆರಿಕದ ಕಾರ್ಖಾನೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಕೆಲಸ ಹೋದವು. ಯಂತ್ರಗಳೂ 2008ರ ಆರ್ಥಿಕ ಹಿಂಜರಿತವೂ ಅದಕ್ಕೆ ಕಾರಣ. ಆದರೆ 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಚೀನಾದ ಪೈಪೋಟಿಯ ಪಾಲೂ ದೊಡ್ಡದು. ಗ್ರಾಹಕರಿಗೆ ಬಟ್ಟೆ, ಪೀಠೋಪಕರಣ ಅಗ್ಗವಾದವು, ನಿಜ. ಹೊಸ ಕೆಲಸಗಳೂ ಹುಟ್ಟಿದವು, ಆದರೆ ಬೇರೆ ಊರುಗಳಲ್ಲಿ, ಬೇರೆ ಕಸುಬಿನವರಿಗೆ. ಮುಚ್ಚಿದ ಕಾರ್ಖಾನೆಯ ಊರಿನಲ್ಲಿ ಮನೆಯ ಬೆಲೆಯೂ ಬಿದ್ದಿರುತ್ತದೆ. ಐವತ್ತು ದಾಟಿದ ಕೆಲಸಗಾರ ಅದನ್ನು ಮಾರಿ ಎಲ್ಲಿಗೆ ಹೋಗಬೇಕು? ಇಂಥವರಿಗೆ ತರಬೇತಿ, ನೆರವು ಕೊಡುವ ಯೋಜನೆ ಅಲ್ಲಿ 1962ರಿಂದ ಇತ್ತು. ಅದು ಮುಟ್ಟಿದ್ದು ಕೆಲವರನ್ನು ಮಾತ್ರ.

ಈಗ ಸುಂಕದ ವಿಷಯ. ಅದರಿಂದ ಸಿಗುವುದು ಸ್ವಲ್ಪ ಸಮಯ. ಆ ಸಮಯದಲ್ಲಿ ಉದ್ಯಮ ಹೊಸ ಯಂತ್ರ ತಂದು, ಜನರಿಗೆ ಕೆಲಸ ಕಲಿಸಿದರೆ ಉಪಯೋಗ ಉಂಟು. ಸುಮ್ಮನೆ ಕೂತರೆ ಇಲ್ಲ. ಉಕ್ಕಿಗೆ ಸುಂಕ ಹಾಕಿದರೆ ಉಕ್ಕು ಮಾಡುವವರು ಉಳಿಯಬಹುದು, ಆದರೆ ಉಕ್ಕಿನಿಂದ ಕಾರು, ಪಂಪು, ಪಾತ್ರೆ ಮಾಡುವವರ ಖರ್ಚು ಏರುತ್ತದೆ. ಅವರ ಸಂಖ್ಯೆಯೇ ಜಾಸ್ತಿ. ಆದ್ದರಿಂದ ಸುಂಕವೊಂದೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಡೆನ್ಮಾರ್ಕ್‌ನಲ್ಲಿ ಇವತ್ತಿಗೂ ಕಂಪನಿಗಳು ಕೆಲಸಗಾರರನ್ನು ಸುಲಭವಾಗಿ ತೆಗೆಯಬಹುದು. ಆದರೆ ನಿರುದ್ಯೋಗ ವಿಮೆ ಮಾಡಿಸಿದವರಿಗೆ ಸುಮಾರು ಎರಡು ವರ್ಷದವರೆಗೆ ಭತ್ಯೆ ಸಿಗುತ್ತದೆ, ಜೊತೆಗೆ ಹೊಸ ಕೆಲಸ ಕಲಿಯಲು ತರಬೇತಿಯೂ ಇದೆ. ಇದಕ್ಕೆ ಜನ ದೊಡ್ಡ ತೆರಿಗೆ ಕಟ್ಟುತ್ತಾರೆ. ಹೊಂದಿಕೊಳ್ಳುವ ಖರ್ಚನ್ನು ಕೆಲಸ ಕಳೆದುಕೊಂಡವರ ತಲೆಗೇ ಕಟ್ಟದೆ ಎಲ್ಲರೂ ಹೊರುವ ಏರ್ಪಾಡು ಅದು.